ಸ್ಟೀಮರ್‌ಗೆ ನಿಲ್ಲಲು ಜಾಗ ಬೇಕು

ಇಂಗ್ಲೆಂಡ್ ಮತ್ತು ವೇಲ್ಸ್ ನಡುವಿನ ಸೆವರ್ನ್ ಅಳಿವೆಯಲ್ಲಿ ನಡೆಯುವ ಪ್ಯಾಡಲ್ ಸ್ಟೀಮರ್ (ಎರಡು ಬದಿಯ ಚಕ್ರಗಳಿಂದ ಓಡುವ ಹಬೆಹಡಗು) ವಿಹಾರಗಳ ವೇಳಾಪಟ್ಟಿಯನ್ನು ಮೊದಲ ಸಲ ನೋಡಿದವರು ಅದರಲ್ಲಿ ಏನೋ ತಪ್ಪಾಗಿದೆ ಎಂದೇ ತಿಳಿಯುತ್ತಾರೆ. ಒಂದು ದಿನ ಬೆಳಿಗ್ಗೆ ಹೊರಡುವ ಹಡಗು ನಾಲ್ಕು ದಿನ ಬಿಟ್ಟು ಅದೇ ಪಿಯರ್‌ನಿಂದ, ಎಂದರೆ ದಡದಿಂದ ನೀರಿಗೆ ಚಾಚಿದ ಕಟ್ಟೆಯಿಂದ, ಮಧ್ಯಾಹ್ನ ಹೊರಡುತ್ತದೆ. ಒಂದು ದಿನ ಹೋಗಿಬರುವುದು ಎರಡೂ ಹಡಗಿನಲ್ಲೇ, ಇನ್ನೊಂದು ದಿನ ಹೋಗುವುದು ಹಡಗಿನಲ್ಲಿ, ಮರಳುವುದು ಬಸ್ಸಿನಲ್ಲಿ. ಕೆಲವು ದಿನ ದಡಕ್ಕೆ ಇಳಿಯಲು ಮೂರು ತಾಸು ಸಿಗುತ್ತದೆ, ಕೆಲವು ದಿನ ಇಳಿಯುವ ಪ್ರಶ್ನೆಯೇ ಇಲ್ಲ, ಸುತ್ತಿ ಬರುವುದಷ್ಟೇ. ದಿನಾ ಒಂದೇ ಹೊತ್ತಿಗೆ ಬಿಡಬಾರದೇ ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಈ ಪ್ರಶ್ನೆಗೆ ಸರಿಯಾಗಿ ಉತ್ತರ ಕೊಡಲು ಹೊರಟರೆ ಚಕ್ರ, ಬಾಯ್ಲರ್, ಹಗ್ಗ, ಪಿಯರ್ ಎಲ್ಲವನ್ನೂ ಮುಟ್ಟಬೇಕಾಗುತ್ತದೆ. ಹಳೆಯ ಹಡಗುಗಳನ್ನು ಉಳಿಸುವ ಮಾತು ಬಂದಾಗ ನಾವು ಎಂಜಿನ್ನಿನ ಬಗ್ಗೆ ಮಾತಾಡುವಷ್ಟು ಉಳಿದವುಗಳ ಬಗ್ಗೆ ಮಾತಾಡುವುದಿಲ್ಲ ಎಂಬ ಕೊರಗು ನನಗಿದೆ.

ಮೊದಲು ನೀರು. ಅಳಿವೆಯ ದಡದ ಬಂದರು ಏವನ್‌ಮತ್‌ನಲ್ಲಿ ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಿನ ದೊಡ್ಡ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಅಂತರ ಸರಾಸರಿ 12 ಮೀಟರ್ ದಾಟುತ್ತದೆ. ವರ್ಷದ ಅತಿ ದೊಡ್ಡ ಉಬ್ಬರಗಳಲ್ಲಿ 14 ಮೀಟರಿನ ಹತ್ತಿರ ಹೋಗುತ್ತದೆ. ಅಷ್ಟಮಿಯ ಕಡೆಗಿನ ಸಣ್ಣ ಉಬ್ಬರಗಳಲ್ಲಿ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅಟ್ಲಾಂಟಿಕ್‌ನಿಂದ ಬರುವ ಉಬ್ಬರದ ಅಲೆ ಬ್ರಿಸ್ಟಲ್ ಚಾನೆಲ್‌ಗೆ ನುಗ್ಗಿದಾಗ ಎರಡೂ ದಡಗಳು ಕಿರಿದಾಗುತ್ತವೆ, ತಳವೂ ಮೇಲೇರುತ್ತದೆ. ಜೊತೆಗೆ ಆ ಕಡಲ ತೋಳಿನ ಉದ್ದವೂ ಉಬ್ಬರದ ಲಯಕ್ಕೆ ಹೊಂದಿಕೊಳ್ಳುವಂಥದ್ದು. ಹಾಗಾಗಿ ನೀರಿಗೆ ಎತ್ತರಕ್ಕೆ ಹೋಗುವುದು ಬಿಟ್ಟು ದಾರಿಯಿಲ್ಲ.

ನಾವಿಕರು ಬಳಸುವ ಹನ್ನೆರಡರ ಲೆಕ್ಕ ಇಲ್ಲಿ ಚೆನ್ನಾಗಿ ಕೂಡಿಬರುತ್ತದೆ. ಇಳಿತದಿಂದ ಉಬ್ಬರಕ್ಕೆ ಸುಮಾರು ಆರು ತಾಸು. ಮೊದಲ ತಾಸಿನಲ್ಲಿ ಒಟ್ಟು ಏರಿಕೆಯ ಹನ್ನೆರಡರಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ತಾಸುಗಳಲ್ಲಿ ಮೂರು ಮೂರು, ಆಮೇಲೆ ಎರಡು, ಕೊನೆಗೆ ಒಂದು. ಅಂತರ 12 ಮೀಟರ್ ಇದ್ದ ದಿನ ನಡುವಿನ ತಾಸಿನಲ್ಲಿ ನೀರು 3 ಮೀಟರ್ ಏರುತ್ತದೆ. ಹಡಗು ಪಿಯರ್ ಪಕ್ಕ ಹದಿನೈದು ನಿಮಿಷ ನಿಂತರೆ ಅಷ್ಟರಲ್ಲಿ ಅದು 75 ಸೆಂಟಿಮೀಟರ್ ಮೇಲೆ ಬಂದಿರುತ್ತದೆ. ಕೈಗೋಲು ಹಿಡಿದ ಅಜ್ಜಿಯೊಬ್ಬರು ಇಳಿಯಲು ಶುರುಮಾಡಿದಾಗ ಇದ್ದ ಹಲಗೆಸೇತುವೆಯ ಇಳಿಜಾರು ಕೊನೆಯ ಪ್ರಯಾಣಿಕ ದಾಟುವಾಗ ಇರುವುದಿಲ್ಲ.

ಈ ಏರಿಳಿತದ ಜೊತೆ ಓಡುವ ಪ್ರವಾಹವೇ ವೇಳಾಪಟ್ಟಿಯ ನಿಜವಾದ ಒಡೆಯ. ದೊಡ್ಡ ಉಬ್ಬರದ ದಿನಗಳಲ್ಲಿ ಅಳಿವೆಯ ಮೇಲ್ಭಾಗದಲ್ಲಿ ನೀರು ತುಂಬುವುದು ಯಾವಾಗಲೂ ಬೆಳಗಿನ ಮತ್ತು ಸಂಜೆಯ ಹೊತ್ತಿಗೆ, ತೀರಾ ಕೆಳಗಿಳಿಯುವುದು ಮಧ್ಯಾಹ್ನ. ಹಾಗಾಗಿ ಬೆಳಿಗ್ಗೆ ಕ್ಲೀವ್ಡನ್ ಅಥವಾ ಪೆನಾರ್ಥ್ ಪಿಯರ್ ಬಿಟ್ಟ ಹಡಗು ಇಳಿತದ ಜೊತೆ ಪಶ್ಚಿಮಕ್ಕೆ, ಇಲ್ಫ್ರಕೂಮ್ ಅಥವಾ ಲಂಡಿ ದ್ವೀಪದ ಕಡೆಗೆ ಸಾಗಿ, ಸಂಜೆ ಉಬ್ಬರದ ಜೊತೆ ಮರಳಬಹುದು. ಎರಡೂ ಕಡೆ ನೀರೇ ದೂಡಿಕೊಡುತ್ತದೆ. ಒಂದು ವಾರ ಕಳೆದರೆ ಲೆಕ್ಕ ಪೂರ್ತಿ ತಿರುಗಿರುತ್ತದೆ. ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಬಂದ ಉಬ್ಬರ ಈಗ ಮಧ್ಯಾಹ್ನಕ್ಕೆ ಬಂದು ಕೂತಿದೆ. ಬೆಳಿಗ್ಗೆ ಹೊರಟರೆ ಏರುವ ನೀರಿಗೆ ಎದುರಾಗಿ ಹೋಗಬೇಕು, ಸಂಜೆ ಇಳಿಯುವ ನೀರಿಗೆ ಎದುರಾಗಿ ಬರಬೇಕು. ಹಡಗಿನ ವೇಗ 14 ನಾಟ್ (ತಾಸಿಗೆ ಒಂದು ನಾಟಿಕಲ್ ಮೈಲಿಯ ವೇಗವೇ ಒಂದು ನಾಟ್), ಪ್ರವಾಹ 3 ನಾಟ್, ದೂರ 40 ನಾಟಿಕಲ್ ಮೈಲಿ ಎಂದಿಟ್ಟುಕೊಂಡರೆ ಜೊತೆಗೆ ಹೋಗುವಾಗ 2 ತಾಸು 21 ನಿಮಿಷ, ಎದುರು ಹೋಗುವಾಗ 3 ತಾಸು 38 ನಿಮಿಷ. ಒಂದು ದಿಕ್ಕಿನಲ್ಲೇ ಒಂದೂಕಾಲು ತಾಸಿನ ವ್ಯತ್ಯಾಸ, ಅಷ್ಟು ಹೊತ್ತಿನ ಇಂಧನವೂ ಸೇರಿ. ಬಸ್ಸಿನಲ್ಲಿ ಮರಳುವ ಏರ್ಪಾಡು ಹುಟ್ಟುವುದು ಇಂಥ ದಿನಗಳಲ್ಲಿ. ಅದು ಅಸಡ್ಡೆಯಲ್ಲ, ಬಹಳ ಯೋಚಿಸಿ ಮಾಡಿದ ಲೆಕ್ಕ.

ಚಕ್ರದೊಳಗಿನ ಕೆಲಸ

ಈಗಲೂ ಪ್ರಯಾಣಿಕರನ್ನು ಹೊತ್ತು ಕಡಲಿಗೆ ಇಳಿಯುವ ಪ್ಯಾಡಲ್ ಸ್ಟೀಮರ್ ಎಂದರೆ ವೇವರ್ಲಿ. ಗ್ಲಾಸ್ಗೋದ ಎ ಅಂಡ್ ಜೆ ಇಂಗ್ಲಿಸ್ ಹಡಗುಕಟ್ಟೆಯಲ್ಲಿ 1946ರಲ್ಲಿ ನೀರಿಗಿಳಿದು, 1947ರ ಜೂನ್‌ನಲ್ಲಿ ಮೊದಲ ಯಾನ ಮಾಡಿದ್ದು. ಸುಮಾರು 73 ಮೀಟರ್ ಉದ್ದ, ಚಕ್ರದ ಪೆಟ್ಟಿಗೆಗಳೂ ಸೇರಿ 17 ಮೀಟರಿಗಿಂತ ತುಸು ಹೆಚ್ಚು ಅಗಲ. ನೀರಿನಡಿ ಇರುವುದು ಮಾತ್ರ 1.9 ಮೀಟರ್. ಈ ಕೊನೆಯ ಅಂಕೆಯೇ ಅಳಿವೆಗಳಲ್ಲಿ ಪ್ಯಾಡಲ್ ಹಡಗುಗಳು ಅಷ್ಟು ಕಾಲ ಬಾಳಲು ಕಾರಣ. ಅಷ್ಟೇ ಶಕ್ತಿಯನ್ನು ನೀರಿಗೆ ದಾಟಿಸಬಲ್ಲ ಪ್ರೊಪೆಲರ್ ಮುಳುಗಲು ಇನ್ನೂ ಆಳ ಬೇಕು. ಚಕ್ರಕ್ಕೆ ಅದು ಬೇಡ, ಅದರ ಕೆಳತುದಿ ಮಾತ್ರ ನೀರಿನಲ್ಲಿದ್ದರೆ ಸಾಕು.

ಆದರೆ ಚಕ್ರದ ಪೆಟ್ಟಿಗೆಯೊಳಗೆ ಇರುವುದು ಸಾದಾ ಚಕ್ರವಲ್ಲ. ಅಲುಗಾಡದಂತೆ ಹಲಗೆ ಜಡಿದ ಚಕ್ರದಲ್ಲಿ ಹಲಗೆ ನೀರಿಗಿಳಿಯುವಾಗ ಅಗಲಕ್ಕೆ ಬಡಿಯುತ್ತದೆ, ಮೇಲೇಳುವಾಗ ನೀರನ್ನು ಎತ್ತಿ ಎಸೆಯುತ್ತದೆ. ಎರಡೂ ಕಡೆ ಶಕ್ತಿ ಪೋಲು, ಹಡಗಿಗೆ ನಡುಕ. 1829ರಲ್ಲಿ ಎಲೈಜಾ ಗ್ಯಾಲೊವೇ ಪೇಟೆಂಟ್ ಪಡೆದ ವಿನ್ಯಾಸ ಇದನ್ನು ಬಿಡಿಸಿತು. ಅದರಲ್ಲಿ ಪ್ರತಿ ಹಲಗೆಗೂ ತಿರುಗಣಿ ಇದೆ, ಹಲಗೆಯ ಬೆನ್ನಿಗೆ ಒಂದು ಸಣ್ಣ ತೋಳು, ಆ ತೋಳಿನಿಂದ ಒಂದು ಕಬ್ಬಿಣದ ಸರಳು. ಎಲ್ಲ ಸರಳುಗಳೂ ಹೋಗಿ ಸೇರುವುದು ಚಕ್ರದ ಅಕ್ಷದಿಂದ ತುಸು ಮುಂದಕ್ಕೆ ಸರಿದ ಇನ್ನೊಂದು ಕೇಂದ್ರಕ್ಕೆ. ಒಂದು ಸರಳನ್ನು ಮಾತ್ರ ಆ ಕೇಂದ್ರದ ಬಳೆಗೆ ಬಿಗಿಯಾಗಿ ಜೋಡಿಸಿರುತ್ತಾರೆ, ಬಳೆಯನ್ನು ತಿರುಗಿಸುವುದು ಅದೇ. ಉಳಿದವುಗಳಿಗೆ ಪಿನ್ನು. ಕೇಂದ್ರಗಳೆರಡೂ ಒಂದೇ ಕಡೆ ಇಲ್ಲದ್ದರಿಂದ ಸುತ್ತು ಹಾಕುವಾಗ ಸರಳುಗಳು ಹಲಗೆಯನ್ನು ಎಳೆಯುತ್ತ ದೂಡುತ್ತ ಹೋಗುತ್ತವೆ, ಹಲಗೆ ನೀರಿಗೆ ಅಂಚಿನಿಂದ ಇಳಿದು, ತಳದಲ್ಲಿ ನೆಟ್ಟಗೆ ನಿಂತು ತಳ್ಳಿ, ಅಂಚಿನಿಂದಲೇ ಮೇಲೇಳುತ್ತದೆ. ವೇವರ್ಲಿಯ ಒಂದೊಂದು ಚಕ್ರದಲ್ಲಿ ಇಂಥ ಎಂಟು ಮರದ ಹಲಗೆಗಳಿವೆ.

ಎಂಟು ಹಲಗೆ ಎಂದರೆ ಎಂಟು ತಿರುಗಣಿ, ಎಂಟು ಸರಳು, ಅವುಗಳ ಎರಡೂ ತುದಿಗೆ ಪಿನ್ನು ಮತ್ತು ಬುಶ್. ಎಲ್ಲವೂ ಮರಳು ಕಲಸಿದ ನೀರಿನಲ್ಲೇ ದುಡಿಯಬೇಕು. ಸೆವರ್ನ್ ನೀರು ಕಂದು ಬಣ್ಣದ್ದು, ಹೂಳು ತುಂಬಿದ್ದು. ಅದು ಬುಶ್‌ಗಳನ್ನು ಉಜ್ಜಿ ಸವೆಸುತ್ತದೆ. ಬುಶ್ ಸಡಿಲವಾದರೆ ಮೊದಲು ಕಿವಿಗೆ ಗೊತ್ತಾಗುತ್ತದೆ: ಚಕ್ರದ ಸಮನಾದ ಬಡಿತದ ನಡುವೆ ಸುತ್ತಿಗೊಮ್ಮೆ ಒಂದು ಟಕ್ ಶಬ್ದ. ಅದನ್ನು ಅಲಕ್ಷಿಸಿದರೆ ಸರಳು ಬಾಗುತ್ತದೆ ಅಥವಾ ಮುರಿಯುತ್ತದೆ. ಮುರಿದ ಕ್ಷಣದಿಂದ ಆ ಹಲಗೆಗೆ ಕಡಿವಾಣವಿಲ್ಲ. ಅದು ಅಡ್ಡ ತಿರುಗಿ ಪೆಟ್ಟಿಗೆಯ ಒಳಮೈಗೋ ಪಕ್ಕದ ಸರಳಿಗೋ ಬಡಿದು, ಒಂದರ ಹಾನಿ ನಾಲ್ಕಕ್ಕೆ ಹರಡುತ್ತದೆ. ಹಾಗಾಗಿ ಶಬ್ದ ಬದಲಾದರೆ ಮೊದಲು ಎಂಜಿನ್ ನಿಲ್ಲಿಸುವುದು, ಆಮೇಲೆ ಮಾತು. ಮೇಲ್ನಾಡಿನಲ್ಲಿ ಜೋರು ಮಳೆಯಾದ ಮೇಲೆ ತೇಲಿಬರುವ ಮರದ ದಿಮ್ಮಿಗಳೂ ಇದೇ ಕೆಲಸ ಮಾಡುತ್ತವೆ, ಯಾರೋ ಬಿಟ್ಟ ನೈಲಾನ್ ಹಗ್ಗವೂ ಅಷ್ಟೇ. ಪರೀಕ್ಷಿಸಲು ಪೆಟ್ಟಿಗೆಯೊಳಗೆ ಮನುಷ್ಯ ಇಳಿಯುವ ಮೊದಲು ಎಂಜಿನ್ನಿಗೆ ಹಬೆ ಕಡಿದು, ಶಾಫ್ಟ್ (ಚಕ್ರಗಳನ್ನು ತಿರುಗಿಸುವ ಅಕ್ಷದಂಡ) ತಾನಾಗಿ ತಿರುಗದಂತೆ ಬಿಗಿದಿರಬೇಕು. ಪ್ರವಾಹವೊಂದೇ ಸಾಕು ಚಕ್ರವನ್ನು ಅಲುಗಿಸಲು. ಒಂದು ಹಲಗೆ ನೋಡಿ, ಹೊರಬಂದು, ನಿಧಾನ ತಿರುಗಿಸಿ, ಮತ್ತೆ ಬಿಗಿದು, ಮುಂದಿನದು. ಇದರಲ್ಲಿ ಅವಸರಕ್ಕೆ ಜಾಗವಿಲ್ಲ.

ಇನ್ನೊಂದು ಸಂಗತಿಯನ್ನು ಪ್ರಯಾಣಿಕರೇ ಮಾಡುತ್ತಾರೆ. ಪಿಯರ್ ಹತ್ತಿರ ಬಂತೆಂದರೆ ನೂರಾರು ಜನ ಒಂದೇ ಬದಿಗೆ ಬಂದು ನಿಲ್ಲುತ್ತಾರೆ. ಹಡಗು ವಾಲುತ್ತದೆ, ಆ ಬದಿಯ ಚಕ್ರ ಹೆಚ್ಚು ಆಳಕ್ಕೆ ಹೋಗುತ್ತದೆ, ಆಚೆಯದು ಮೇಲೇಳುತ್ತದೆ. ಎರಡೂ ಚಕ್ರಗಳು ಒಂದೇ ಶಾಫ್ಟಿನಲ್ಲಿರುವುದರಿಂದ ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು, ಒಂದನ್ನು ಮುಂದಕ್ಕೆ ಇನ್ನೊಂದನ್ನು ಹಿಂದಕ್ಕೆ ಓಡಿಸುವ ಅನುಕೂಲ ಇಲ್ಲಿಲ್ಲ. ಆಳದ ಚಕ್ರ ಹೆಚ್ಚು ತಳ್ಳಿ ಹಡಗಿನ ಮೂತಿಯನ್ನು ಬೇಡದ ಕಡೆಗೆ ತಿರುಗಿಸುತ್ತದೆ, ಅದೂ ನಿಖರತೆ ಅತ್ಯಂತ ಬೇಕಾದ ಹೊತ್ತಿನಲ್ಲಿ. ದಯವಿಟ್ಟು ಎರಡೂ ಬದಿಗೆ ಹಂಚಿಕೊಂಡು ನಿಲ್ಲಿ ಎಂಬ ಪ್ರಕಟಣೆ ಬಂದಾಗ ಅದನ್ನು ಕೇಳಿ ನಡೆಯುವುದು ಹಡಗು ನಡೆಸುವುದರಲ್ಲಿ ಕೈಜೋಡಿಸಿದಂತೆಯೇ.

ಪಿಯರ್‌ಗೆ ಬರುವುದು

ಕ್ಲೀವ್ಡನ್ ಪಿಯರ್‌ನ ತುದಿಯಲ್ಲಿ ನಿಂತು ಸ್ಟೀಮರ್ ಬರುವುದನ್ನು ನೋಡಿದರೆ ಈ ವಿದ್ಯೆಯ ಮುಕ್ಕಾಲು ಪಾಲು ಕಣ್ಣಿಗೆ ಬೀಳುತ್ತದೆ. ದೂರದಲ್ಲಿ ಸ್ಟೀಪ್ ಹೋಮ್, ಫ್ಲಾಟ್ ಹೋಮ್ ದ್ವೀಪಗಳು, ಅವುಗಳ ಕಡೆಯಿಂದ ಬಿಳಿ ಪಟ್ಟಿಯ ಎರಡು ಕೆಂಪು ಚಿಮಣಿಗಳು. ಹಡಗು ನೇರ ಪಿಯರ್ ಕಡೆಗೆ ಬರುವುದಿಲ್ಲ. ಪ್ರವಾಹಕ್ಕೆ ಮುಖ ಮಾಡಿ ಬರುವಂತೆ ದಾರಿ ಹಿಡಿಯುತ್ತದೆ, ಬೇಕಾದರೆ ದಾಟಿ ಹೋಗಿ ತಿರುಗಿ ಬರುತ್ತದೆ. ನೀರು ಎದುರಿನಿಂದ 3 ನಾಟ್ ಹರಿಯುತ್ತಿದ್ದರೆ ಹಡಗೂ 3 ನಾಟ್ ವೇಗದಲ್ಲಿ ನಡೆದು ಪಿಯರ್ ಪಕ್ಕ ನಿಂತಲ್ಲೇ ನಿಲ್ಲಬಹುದು, ಆಗಲೂ ಚುಕ್ಕಾಣಿಗೆ ನೀರು ಬಡಿಯುತ್ತಿರುತ್ತದೆ. ಇದು ಮುಖ್ಯ, ಏಕೆಂದರೆ ಪ್ರೊಪೆಲರ್ ಹಡಗಿನಲ್ಲಿ ಪ್ರೊಪೆಲರ್ ತಳ್ಳಿದ ನೀರು ನೇರ ಚುಕ್ಕಾಣಿಗೆ ಹೋಗುತ್ತದೆ, ನಿಂತಲ್ಲೇ ತಿರುಗಿಸಲು ಅದು ನೆರವಾಗುತ್ತದೆ. ಪ್ಯಾಡಲ್ ಹಡಗಿನಲ್ಲಿ ಚಕ್ರದ ನೀರು ಎರಡು ಬದಿಗಳಲ್ಲಿ ಹರಿದುಹೋಗುತ್ತದೆ, ಹಿಂದಿನ ಚುಕ್ಕಾಣಿಗೆ ಅದರ ಲಾಭ ಕಡಿಮೆ. ಆದ್ದರಿಂದ ನಿಧಾನವಾಗಿ ತೇಲಿ ಬರುವುದು ಇದಕ್ಕೆ ಅಪಾಯ. ತಕ್ಕಮಟ್ಟಿನ ವೇಗದಲ್ಲೇ ಬಂದು, ಕೊನೆಗೆ ಚಕ್ರಗಳನ್ನು ಹಿಂದಕ್ಕೆ ಓಡಿಸಿ ನಿಲ್ಲಿಸಬೇಕು. ಹಿಂದಕ್ಕೆ ಓಡುವಾಗ ಆ ಹಲಗೆಗಳ ಹಿಡಿತ ಬಲವಾದದ್ದು, ನೋಡುವವರ ಎದೆ ಝಲ್ಲೆನ್ನುವಷ್ಟು ಕಡಿಮೆ ಅಂತರದಲ್ಲಿ ಹಡಗು ನಿಲ್ಲುತ್ತದೆ.

ಮೊದಲು ಬರುವುದು ತೆಳು ಹಗ್ಗ, ತುದಿಗೆ ಗಂಟಿನ ಭಾರ. ಪಿಯರ್ ಮೇಲಿನವರು ಅದನ್ನು ಹಿಡಿದೆಳೆದರೆ ಹಿಂದೆ ದಪ್ಪ ಹಗ್ಗ ಬರುತ್ತದೆ, ಅದರ ಕುಣಿಕೆ ಗೂಟಕ್ಕೆ ಬೀಳುತ್ತದೆ. ಪ್ಯಾಡಲ್ ಹಡಗು ಪಿಯರ್‌ಗೆ ತಾಗುವುದು ನಡುವಿನಲ್ಲಿ, ಚಕ್ರದ ಪೆಟ್ಟಿಗೆಯ ಉಬ್ಬಿನ ಹತ್ತಿರ. ಮೂತಿ ಮತ್ತು ಹಿಂಭಾಗ ಎರಡೂ ಗಾಳಿಯಲ್ಲಿ ಚಾಚಿರುತ್ತವೆ, ಆ ಉಬ್ಬಿನ ಮೇಲೆ ಇಡೀ ಹಡಗು ತಕ್ಕಡಿಯಂತೆ ಆಡುತ್ತದೆ. ಆದ್ದರಿಂದ ಹಗ್ಗಗಳ ಕೆಲಸ ಕಟ್ಟಿಹಾಕುವುದಕ್ಕಿಂತ ಸಮತೂಗಿಸುವುದು. ಹಗ್ಗದ ಪಕ್ಕ ನಿಂತವರು ಕಣ್ಣು ತೆಗೆಯುವಂತಿಲ್ಲ. ನೀರು ಇಳಿಯುತ್ತಿದ್ದರೆ ಹಗ್ಗ ಬಿಗಿಯಾಗುತ್ತ ಹೋಗುತ್ತದೆ, ಸಡಿಲಿಸಬೇಕು. ಏರುತ್ತಿದ್ದರೆ ಸಡಿಲವಾಗುತ್ತದೆ, ಎಳೆದುಕೊಳ್ಳಬೇಕು. ಏರುವ ನೀರಿನಲ್ಲಿ ಇನ್ನೊಂದು ಅಪಾಯ: ಹಡಗಿನ ಬದಿಯ ಉಬ್ಬುಪಟ್ಟಿ ಪಿಯರ್‌ನ ಯಾವುದಾದರೂ ಅಡ್ಡತೊಲೆಯ ಕೆಳಗೆ ಸಿಕ್ಕಿಕೊಂಡರೆ ನೀರು ಎತ್ತುತ್ತಲೇ ಇರುತ್ತದೆ, ಮುರಿಯುವುದು ಹಡಗೋ ತೊಲೆಯೋ ಯಾವುದಾದರೊಂದು. ಕ್ಲೀವ್ಡನ್‌ನಲ್ಲಿ ಇಳಿದಾಣಕ್ಕೆ ಹಲವು ಅಂತಸ್ತುಗಳಿರುವುದು ಈ ನೀರಿಗಾಗಿಯೇ. ಯಾವ ಅಂತಸ್ತಿಗೆ ಹಲಗೆಸೇತುವೆ ಹಾಕಬೇಕು ಎಂಬುದನ್ನು ಆ ಗಳಿಗೆಯ ನೀರಿನ ಎತ್ತರ ಹೇಳುತ್ತದೆ.

ಹೊರಡುವಾಗ ನೀರನ್ನೇ ಕೆಲಸಕ್ಕೆ ಹಚ್ಚುತ್ತಾರೆ. ಮುಂದಿನ ಹಗ್ಗ ಬಿಟ್ಟರೆ ಎದುರು ಬರುವ ಪ್ರವಾಹ ಮೂತಿಗೂ ಪಿಯರ್‌ಗೂ ನಡುವೆ ನುಗ್ಗಿ ಮೂತಿಯನ್ನು ಹೊರಕ್ಕೆ ತಳ್ಳುತ್ತದೆ. ಗಾಳಿ ಪಿಯರ್ ಕಡೆಗೇ ಒತ್ತುತ್ತಿದ್ದರೆ ಇದು ಸಾಲದು. ಆಗ ಮುಂಭಾಗದಿಂದ ಹಿಂದಕ್ಕೆ ಕಟ್ಟಿದ ಒಂದು ಹಗ್ಗ ಉಳಿಸಿಕೊಂಡು, ಚುಕ್ಕಾಣಿಯನ್ನು ಪಿಯರ್ ಕಡೆಗೆ ತಿರುಗಿಸಿ, ಎಂಜಿನ್ ಮೆಲ್ಲಗೆ ಮುಂದಕ್ಕೆ ಓಡಿಸಿದರೆ ಹಿಂಭಾಗ ಹೊರಕ್ಕೆ ಬರುತ್ತದೆ. ಸಾಕಷ್ಟು ಬಂದಾಗ ಹಗ್ಗ ಬಿಟ್ಟು ಹಿಂದಕ್ಕೆ. ಹಗುರ ಮೈ, ಕಡಿಮೆ ಆಳ, ಎತ್ತರದ ಮೇಲ್ಕಟ್ಟು, ಇವೆಲ್ಲ ಸೇರಿ ಗಾಳಿಗೆ ಈ ಹಡಗುಗಳು ಬೇಗ ಮಣಿಯುತ್ತವೆ. ಪಶ್ಚಿಮದ ಗಾಳಿ ಇಳಿತದ ಪ್ರವಾಹಕ್ಕೆ ಎದುರಾಗಿ ಬೀಸಿದರೆ ಅಲೆಗಳು ಗಿಡ್ಡವಾಗಿ ಕಡಿದಾಗಿ ಏಳುತ್ತವೆ, ಒಂದು ಚಕ್ರ ಬರಿ ಗಾಳಿಯಲ್ಲಿ ಓಡಿ ಮರುಕ್ಷಣ ಪೂರ್ತಿ ಮುಳುಗುತ್ತದೆ, ಆ ಏಟು ಶಾಫ್ಟಿನವರೆಗೆ ಹೋಗುತ್ತದೆ. ಬಿಸಿಲಿದ್ದರೂ ಯಾನ ರದ್ದಾಯಿತು ಎಂದು ಬೇಸರಪಡುವವರು ಪಿಯರ್ ತುದಿಯ ಅಲೆಯನ್ನು ಒಮ್ಮೆ ನೋಡಬೇಕು.

ಹಬೆ, ಅದಕ್ಕಿಂತ ಹೆಚ್ಚಾಗಿ ನೀರು

ವೇವರ್ಲಿಯ ಎಂಜಿನ್ ಗ್ರೀನಾಕ್‌ನ ರ್‍ಯಾಂಕಿನ್ ಅಂಡ್ ಬ್ಲ್ಯಾಕ್‌ಮೋರ್ ಮಾಡಿದ್ದು, 2,100 ಅಶ್ವಶಕ್ತಿಯದು. ಓರೆಯಾಗಿ ಮಲಗಿಸಿದ ಮೂರು ಸಿಲಿಂಡರುಗಳು: 24, 39 ಮತ್ತು 62 ಇಂಚು ವ್ಯಾಸ, ಪಿಸ್ಟನ್ನಿನ ಓಟ 66 ಇಂಚು. ಮೊದಲ ಬಾಯ್ಲರ್ ಕೊಡುತ್ತಿದ್ದದ್ದು ಚದರ ಇಂಚಿಗೆ 180 ಪೌಂಡ್ ಒತ್ತಡ. ಹಬೆ ಚಿಕ್ಕದರಿಂದ ದೊಡ್ಡದಕ್ಕೆ ಹಿಗ್ಗುತ್ತ ಹೋಗುತ್ತದೆ, ಮೂರನೆಯ ಪಿಸ್ಟನ್ನಿನ ಮುಖದ ವಿಸ್ತೀರ್ಣ ಮೊದಲನೆಯದರ ಆರೂವರೆ ಪಟ್ಟಿಗಿಂತ ಹೆಚ್ಚು. ಗೇರ್ ಇಲ್ಲ, ಕ್ರ್ಯಾಂಕ್ ಸುತ್ತಿದಷ್ಟೇ ಚಕ್ರವೂ ಸುತ್ತುತ್ತದೆ. ಎರಡು ಬದಿಯ ಓಣಿಗಳಿಂದ ಪ್ರಯಾಣಿಕರು ಇದನ್ನೆಲ್ಲ ಕೈಯಳತೆಯಲ್ಲಿ ನೋಡಬಹುದು. ಮಕ್ಕಳು ಅಲ್ಲಿಂದ ಕದಲುವುದಿಲ್ಲ, ಕದಲಬೇಕಾಗಿಯೂ ಇಲ್ಲ.

ಓಡುವ ಮೊದಲು ಇದನ್ನು ಬೆಚ್ಚಗಾಗಿಸಬೇಕು. ತಣ್ಣನೆಯ ಕಬ್ಬಿಣಕ್ಕೆ ತಾಗಿದ ಹಬೆ ನೀರಾಗುತ್ತದೆ, ನೀರನ್ನು ಪಿಸ್ಟನ್ ಅಮುಕಲಾರದು, ಅಮುಕಲು ಹೋದರೆ ಸಿಲಿಂಡರಿನ ಮುಚ್ಚಳ ಸೀಳುತ್ತದೆ. ಹಾಗಾಗಿ ತಳದ ನಲ್ಲಿಗಳನ್ನು ತೆರೆದಿಟ್ಟು, ಸ್ವಲ್ಪ ಸ್ವಲ್ಪವೇ ಹಬೆ ಬಿಟ್ಟು, ಎಂಜಿನ್ನನ್ನು ಹಿಂದೆ ಮುಂದೆ ಆಡಿಸಿ ಒಳಗಿನ ನೀರೆಲ್ಲ ಹೋದ ಮೇಲೆ ಹೊರಡುವ ಗಂಟೆ ಬಾರಿಸುವುದಕ್ಕೆ ಕಾಯುವುದು. ಬೆಳಗಿನ ಯಾನವೆಂದರೆ ಕೆಳಗಿನವರಿಗೆ ಬೆಳಗು ಬಹಳ ಮೊದಲೇ ಆಗಿರುತ್ತದೆ.

ಎಂಜಿನ್ನುಗಳು ಬಹುಕಾಲ ಬಾಳುತ್ತವೆ. ಡಾರ್ಟ್ ನದಿಯ ಅಳಿವೆಯ ಕಿಂಗ್ಸ್‌ವೇರ್ ಕ್ಯಾಸಲ್ ಎಂಬ ಪುಟ್ಟ ಕಲ್ಲಿದ್ದಲು ಸ್ಟೀಮರಿನ ಮೈ 1924ರದು, ಅದರ ಎಂಜಿನ್ 1904ರದು, ಹಿಂದಿನ ಹಡಗಿನಿಂದ ತೆಗೆದು ಕೂರಿಸಿದ್ದು. ಬಾಳದಿರುವುದು ಬಾಯ್ಲರ್. ವೇವರ್ಲಿಯಲ್ಲಿ ಕಲ್ಲಿದ್ದಲು ಹೋಗಿ 1957ರಲ್ಲಿ ಎಣ್ಣೆ ಬಂತು, 1981ರಲ್ಲಿ ಹೊಸ ಬಾಯ್ಲರ್, 2000ದಲ್ಲಿ ಮತ್ತೆ ಹೊಸದು, 2019ರ ಇಡೀ ಋತು ಬಾಯ್ಲರ್ ಕಾರಣಕ್ಕೆ ಕೈತಪ್ಪಿ ಜನರಿಂದ ಹಣ ಕೂಡಿಸಿ ಇನ್ನೊಮ್ಮೆ ಬದಲಿಸಿ 2020ರ ಆಗಸ್ಟ್‌ನಲ್ಲಿ ಹಡಗು ಮರಳಿತು. ಬಾಯ್ಲರನ್ನು ಕೊಲ್ಲುವುದು ಬೆಂಕಿಗಿಂತ ಹೆಚ್ಚಾಗಿ ಒಳಗಿನ ನೀರು. ಸಿಲಿಂಡರಿಗೆ ಹಾಕಿದ ಎಣ್ಣೆ ಹಬೆಯ ಜೊತೆ ಅದನ್ನು ತಣಿಸಿ ಮತ್ತೆ ನೀರಾಗಿಸುವ ಕಂಡೆನ್ಸರಿಗೆ ಹೋಗಿ, ಅಲ್ಲಿಂದ ಬಾಯ್ಲರಿಗೆ ಮರಳಿದರೆ ಕೊಳವೆಗಳ ಮೇಲೆ ಪದರ ಕಟ್ಟುತ್ತದೆ, ಶಾಖ ನೀರಿಗೆ ದಾಟದೆ ಕಬ್ಬಿಣವೇ ಸುಡುತ್ತದೆ. ಅದಕ್ಕೆ ಸೋಸುವ ಏರ್ಪಾಡು ಬೇಕು, ಸೋಸುವ ಬಟ್ಟೆಯನ್ನು ಹೊತ್ತಿಗೆ ಸರಿಯಾಗಿ ಬದಲಿಸುವ ಶಿಸ್ತೂ ಬೇಕು. ಕಂಡೆನ್ಸರನ್ನು ತಣಿಸುವುದು ಅಳಿವೆಯ ಉಪ್ಪುನೀರು. ಅದರ ಒಂದು ಕೊಳವೆ ತೂತಾದರೆ ಆ ಉಪ್ಪು ಒಳಗಿನ ಸಿಹಿನೀರಿಗೆ ಸೇರುತ್ತದೆ. ತೆಗೆದ ನೀರಿನ ಮಾದರಿಗೆ ಒಂದೆರಡು ಹನಿ ಸಿಲ್ವರ್ ನೈಟ್ರೇಟ್ ಹಾಕಿದರೆ ಹಾಲಿನಂತೆ ಬೆಳ್ಳಗಾಗುತ್ತದೆ, ಅದೇ ಎಚ್ಚರಿಕೆ. ಉಪ್ಪು ಹೆಚ್ಚಾದ ಬಾಯ್ಲರಿನ ನೀರು ನೊರೆಯೆದ್ದು ಹಬೆಯ ಜೊತೆ ಎಂಜಿನ್ನಿಗೆ ನುಗ್ಗುತ್ತದೆ, ಆಗ ಮತ್ತೆ ಆ ಸಿಲಿಂಡರ್ ಮುಚ್ಚಳದ ಭಯ.

ದಡದ ಕಡೆಯ ಅರ್ಧ

1974ರಲ್ಲಿ ವೇವರ್ಲಿಯನ್ನು ಈ ಹಡಗುಗಳನ್ನು ಉಳಿಸುವ ಸಂಘವಾದ ಪ್ಯಾಡಲ್ ಸ್ಟೀಮರ್ ಪ್ರಿಸರ್ವೇಶನ್ ಸೊಸೈಟಿಗೆ ಒಂದು ಪೌಂಡಿಗೆ ಮಾರಿದ ಕತೆ ಎಲ್ಲರಿಗೂ ಗೊತ್ತು. ಅದೇ ಕಾಲಕ್ಕೆ ಪಿಯರ್‌ಗಳಿಗೆ ಏನಾಗುತ್ತಿತ್ತು ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. 1966ರಲ್ಲಿ ಸೆವರ್ನ್ ಸೇತುವೆ ತೆರೆಯಿತು, ಅದೇ ವರ್ಷ ಕಾರ್ಡಿಫ್ ಕ್ವೀನ್, ಮರುವರ್ಷ ಬ್ರಿಸ್ಟಲ್ ಕ್ವೀನ್ ಓಡಾಟ ನಿಲ್ಲಿಸಿದವು. ಇವೆರಡೂ ಎರಡನೇ ಮಹಾಯುದ್ಧದ ನಂತರ ಕಟ್ಟಿದ, ಇನ್ನೂ ಇಪ್ಪತ್ತು ವರ್ಷದ ಆಸುಪಾಸಿನ ಪ್ಯಾಡಲ್ ಹಡಗುಗಳು. 1869ರಲ್ಲಿ ತೆರೆದ ಕ್ಲೀವ್ಡನ್ ಪಿಯರ್‌ಗೆ ಬಾರ್ಲೋ ಎಂಬ ಮಾದರಿಯ ಹಳೆಯ ರೈಲು ಹಳಿಗಳನ್ನು ಜೋಡಿಸಿ ಮಾಡಿದ ಸಪೂರ ಕಾಲುಗಳು, ಪ್ರವಾಹಕ್ಕೆ ಅಡ್ಡಿಯಾಗದಂತೆ. ಶತಮಾನ ಬಾಳಿದ ಅದರ ಎರಡು ಕಮಾನುಗಳು 1970ರಲ್ಲಿ ಭಾರ ಹೊರುವ ಪರೀಕ್ಷೆಯ ಹೊತ್ತಿನಲ್ಲಿ ಕುಸಿದವು. ಕೆಡವಿಬಿಡುವ ಮಾತೂ ಬಂತು, ಊರಿನವರು ಬಿಡಲಿಲ್ಲ. ಪಿಯರ್ ಮತ್ತೆ ತೆರೆದದ್ದು 1989ರಲ್ಲಿ, ತುದಿಯ ಭಾಗವೂ ಸೇರಿ ಪೂರ್ತಿ ದುರಸ್ತಿಯಾದದ್ದು 1998ರಲ್ಲಿ. ವೆಸ್ಟನ್-ಸೂಪರ್-ಮೇರ್‌ನ ಬರ್ನ್‌ಬೆಕ್ ಪಿಯರ್, ದಡವನ್ನು ಒಂದು ಪುಟ್ಟ ದ್ವೀಪಕ್ಕೆ ಜೋಡಿಸಿದ್ದು, 1867ರಲ್ಲಿ ತೆರೆದು ಅಸಂಖ್ಯ ಸ್ಟೀಮರ್ ಪ್ರಯಾಣಿಕರನ್ನು ಕಂಡಿದ್ದು, 1994ರಲ್ಲಿ ಸುರಕ್ಷತೆಯ ಕಾರಣಕ್ಕೆ ಜನರಿಗೆ ಮುಚ್ಚಿತು. ಮೈನ್‌ಹೆಡ್ ಬಂದರಿನಲ್ಲಿ ನೀರಿಳಿದರೆ ಕೆಸರೇ ಉಳಿಯುತ್ತದೆ, ಅಲ್ಲಿಗೆ ಉಬ್ಬರದ ಹೊತ್ತಿನಲ್ಲಿ ಮಾತ್ರ ಹೋಗಬಹುದು. ಹೀಗೆ ಒಂದೊಂದು ನಿಲ್ದಾಣ ಕಳೆದಂತೆ ಋತುವಿನಲ್ಲಿ ಸಾಧ್ಯವಿರುವ ಯಾನಗಳ ಸಂಖ್ಯೆ ಕುಗ್ಗುತ್ತದೆ, ಟಿಕೆಟ್ಟಿನ ಹಣವೂ ಕುಗ್ಗುತ್ತದೆ, ಆ ಕೊರತೆ ನೇರ ಬಾಯ್ಲರಿನ ಖಾತೆಗೆ ಬಂದು ಬೀಳುತ್ತದೆ.

ಹಡಗನ್ನು ವರ್ಷಕ್ಕೊಮ್ಮೆ ಒಣ ಕಟ್ಟೆಗೆ ಏರಿಸಿ ತಳ ನೋಡಬಹುದು, ಹಲಗೆ ಬದಲಿಸಬಹುದು, ಅಧಿಕಾರಿಗಳ ತಪಾಸಣೆ ಮುಗಿಸಿ ಪ್ರಯಾಣಿಕರ ಪ್ರಮಾಣಪತ್ರ ಪಡೆಯಬಹುದು. ಪಿಯರ್ ಎಲ್ಲಿಗೂ ಹೋಗಲಾರದು. ಅದರ ಕಾಲುಗಳನ್ನು ನೋಡಬೇಕಾದವರು ದೊಡ್ಡ ಇಳಿತದ ದಿನ, ನೀರು ತೀರಾ ಕೆಳಗಿರುವ ಒಂದೆರಡು ತಾಸಿನಲ್ಲಿ ಇಳಿದು, ತುಕ್ಕು ಕೆರೆದು, ಬೋಲ್ಟು ಬಡಿದು ನೋಡಿ, ನೀರು ಮರಳುವ ಮೊದಲು ಹತ್ತಿ ಬರಬೇಕು. ಹಡಗಿನ ಹೆಸರಿನಲ್ಲಿ ಹಣ ಕೂಡುವಷ್ಟು ಸುಲಭವಾಗಿ ಆ ಕಾಲುಗಳ ಹೆಸರಿನಲ್ಲಿ ಕೂಡುವುದಿಲ್ಲ. ಕ್ಲೀವ್ಡನ್‌ನಲ್ಲಿ ಪಿಯರ್ ಪ್ರವೇಶಕ್ಕೆ ತೆರುವ ಸಣ್ಣ ಶುಲ್ಕ, ಹೆಸರು ಕೆತ್ತಿಸಿ ಕೊಡುವ ಪುಟ್ಟ ಫಲಕಗಳು, ಇಂಥವುಗಳಿಂದ ಬರುವ ಹಣ ಹೋಗುವುದು ಇಂಥ ಕೆಲಸಕ್ಕೆ. ಸ್ಟೀಮರ್ ಟಿಕೆಟ್ ಕೊಳ್ಳುವವರು ಪಿಯರ್ ಶುಲ್ಕ ಕಟ್ಟುವ ಕಿಟಕಿಯ ಮುಂದೆಯೂ ಒಮ್ಮೆ ನಿಲ್ಲಲಿ ಎಂಬುದು ನನ್ನ ಕೋರಿಕೆ.